ಕೋಲಿನ ಸುಳ್ಳುಗಳನ್ನು ಎಣಿಸಿದ ಎರಡು ವರ್ಷ

ಧಾರವಾಡದಲ್ಲಿ ಭೌತವಿಜ್ಞಾನ ಓದಿದ ನಾನು ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದಾಗ ಆರಿಸಿಕೊಂಡದ್ದು ದೃಷ್ಟಿಹೀನರ ಬಿಳಿಕೋಲನ್ನು. ಕೋಲು ನೆಲದ ಮೇಲಿನ ಕಲ್ಲು, ಗುಂಡಿ, ಮೆಟ್ಟಿಲುಗಳನ್ನು ತಿಳಿಸುತ್ತದೆ. ಮೊಣಕಾಲಿನಿಂದ ಮೇಲೆ ಚಾಚಿಕೊಂಡಿರುವ ಟೆಂಪೊದ ಹಿಂಬದಿಯ ಹಲಗೆಯನ್ನಾಗಲಿ, ಬಾಗಿದ ಕೊಂಬೆಯನ್ನಾಗಲಿ ತಿಳಿಸುವುದಿಲ್ಲ. ಕಿವಿಗೆ ಕೇಳಿಸದ 40 ಕಿಲೋಹರ್ಟ್ಸ್‌ನ ಶ್ರವಣಾತೀತ ಧ್ವನಿಯನ್ನು ಕಳಿಸಿ, ಅದರ ಪ್ರತಿಧ್ವನಿ ಮರಳಲು ಹಿಡಿಯುವ ಹೊತ್ತಿನಿಂದ ದೂರವನ್ನು ಅಳೆಯುವ ಸೆನ್ಸರನ್ನು ಕೋಲಿನ ಹಿಡಿಕೆಗೆ ಜೋಡಿಸಿ, ಎದುರಿಗೆ ಏನಾದರೂ ಇದ್ದರೆ ಹಿಡಿಕೆ ಕಂಪಿಸುವಂತೆ ಮಾಡುವುದು ನಮ್ಮ ಕೆಲಸವಾಗಿತ್ತು. ಇದು ಹೊಸ ಕಲ್ಪನೆಯೇನೂ ಅಲ್ಲ. ದಿಲ್ಲಿಯ ಐಐಟಿಯಲ್ಲಿ ರೂಪುಗೊಂಡ ಸ್ಮಾರ್ಟ್‌ಕೇನ್ 2014ರಲ್ಲೇ ಬಿಡುಗಡೆಯಾಗಿತ್ತು. ಹಾಗಾದರೆ ನಿಮ್ಮದರಲ್ಲಿ ಹೊಸದೇನು ಎಂದು ಮೊದಲ ಸಭೆಯಲ್ಲೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಕರ್ವೆನಗರದ ಕಾಕಾ ಅವರಿಂದ. ವಿಜಯಪುರ ಕಡೆಯವರು, ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟಿನಿಂದಲೇ ಕಣ್ಣು ಕಾಣದವರು. ಆರು ತಿಂಗಳು ನಾನು ಮುತುವರ್ಜಿಯಿಂದ ಸರಿಪಡಿಸಿದ್ದ ಸಂಗತಿಯೊಂದನ್ನು ಅವರಿಗೆ ವಿವರಿಸುತ್ತಿದ್ದೆ. ಗಾಳಿ ಬಿಸಿಯಾದಂತೆ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಪುಣೆಯ ಜನವರಿಯ ನಸುಕಿನ 12 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಗೂ ನಡುವೆ ವೇಗದಲ್ಲಿ ಸುಮಾರು 17 ಮೀಟರ್ ಅಂತರ ಬೀಳುವುದರಿಂದ, ಎರಡು ಮೀಟರ್ ದೂರವನ್ನು ಅಳೆಯುವಾಗ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಅದನ್ನು ತಿದ್ದಲು ತಾಪಮಾನದ ಇನ್ನೊಂದು ಸೆನ್ಸರ್ ಹಾಕಿದ್ದೆವು. ಕಾಕಾ ಪೂರ್ತಿ ಕೇಳಿಸಿಕೊಂಡು ನಕ್ಕರು. "ತಂಗಿ, ಹತ್ತು ಸೆಂಟಿಮೀಟರ್ ಹೆಚ್ಚುಕಡಿಮಿ ಆದ್ರ ನನಗೇನೂ ಆಗೂದಿಲ್ಲ. ಅದು ಸುಳ್ಳ ಹೇಳಬಾರದ ನೋಡು, ಅಷ್ಟ" ಎಂದರು. ಆ ತಾಪಮಾನದ ಸೆನ್ಸರನ್ನು ಮರುವಾರವೇ ಕಿತ್ತುಹಾಕಿದೆ. ಕೋಲು ಯಾವಾಗ, ಏಕೆ ಸುಳ್ಳು ಹೇಳುತ್ತದೆ ಎಂಬುದೇ ನನ್ನ ಪ್ರಬಂಧದ ಪ್ರಶ್ನೆಯಾಯಿತು.

ಮೊದಲ ದೊಡ್ಡ ಸುಳ್ಳು ಬಸ್‌ಸ್ಟಾಪಿನಲ್ಲಿ ಸಿಕ್ಕಿತು. ಎದುರಿಗೆ ಏನೂ ಇಲ್ಲದಿದ್ದರೂ ಹಿಡಿಕೆ ಒಮ್ಮೆಲೇ ನಡುಗುತ್ತಿತ್ತು. ಪ್ರಯೋಗಾಲಯಕ್ಕೆ ತಂದರೆ ಸುಮ್ಮನಿರುತ್ತಿತ್ತು. ತಂತಿಯ ಬೆಸುಗೆ ಸಡಿಲವಾಗಿದೆ ಎಂದುಕೊಂಡು ಎರಡು ವಾರ ಕಳೆದೆ. ಕೊನೆಗೆ ಸೆನ್ಸರಿಗೆ ಬರುವ ಸಂಕೇತವನ್ನು ನೇರವಾಗಿ ಮುದ್ರಿಸಿಕೊಂಡು ಸ್ಟಾಪಿನಲ್ಲಿ ನಿಂತಾಗ ತಿಳಿಯಿತು: ಬಸ್ಸಿನ ಏರ್‌ಬ್ರೇಕಿನಿಂದ ಒತ್ತಡದ ಗಾಳಿ ಬಿಡುಗಡೆಯಾಗುವಾಗ ಬರುವ 'ಸುಸ್' ಸದ್ದಿನಲ್ಲಿ ನಮ್ಮ ಕಿವಿಗೆ ಕೇಳದ ಭಾಗವೂ ಇದೆ, ಅದು 40 ಕಿಲೋಹರ್ಟ್ಸ್‌ವರೆಗೂ ಹರಡುತ್ತದೆ, ಸೆನ್ಸರ್ ಅದನ್ನೇ ಪ್ರತಿಧ್ವನಿ ಎಂದು ತಿಳಿಯುತ್ತದೆ. ಇದಕ್ಕೆ ಪರಿಹಾರವಾಗಿ ಧ್ವನಿಯ ಮಿಡಿತಗಳನ್ನು ಸಮಾನ ಅಂತರದಲ್ಲಿ ಕಳಿಸುವುದನ್ನು ಬಿಟ್ಟು ಅಂತರವನ್ನು ಬೇಕೆಂದೇ ಏರುಪೇರು ಮಾಡಿದೆವು. ನಿಜವಾದ ವಸ್ತುವಿನ ಪ್ರತಿಧ್ವನಿ ತನ್ನ ಮಿಡಿತದ ನಂತರ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಬರುತ್ತದೆ, ಎರಡು ಮೀಟರಿಗಾದರೆ ಸುಮಾರು 12 ಮಿಲಿಸೆಕೆಂಡಿಗೆ. ಹೊರಗಿನ ಸದ್ದಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಸತತ ಮೂರು ಉತ್ತರಗಳು ಹೊಂದಿದರೆ ಮಾತ್ರ ಹಿಡಿಕೆ ಕಂಪಿಸುತ್ತದೆ. ಎಚ್ಚರಿಕೆ ಒಂದಿಷ್ಟು ತಡವಾಗುತ್ತದೆ, ನಿಜ. ನಡೆಯುವವರ ವೇಗದಲ್ಲಿ ಅದು ಅರ್ಧ ಹೆಜ್ಜೆಗಿಂತ ಕಡಿಮೆ.

ಇನ್ನೊಂದು ಬಗೆಯ ಸುಳ್ಳು, ಇದ್ದುದನ್ನು ಇಲ್ಲವೆನ್ನುವುದು. ಗಣೇಶೋತ್ಸವಕ್ಕೆ ಮೊದಲು ರಸ್ತೆಯ ಮೇಲೆ ಮಂಟಪಗಳ ಬಿದಿರುಗಳು ಏಳುತ್ತವೆ. ತೆಳುವಾದ ಬಿದಿರು ಸೆನ್ಸರಿಗೆ ಸಿಗಲಾರದು ಎಂದು ನಾನು ಹೆದರಿದ್ದೆ. ಆದದ್ದು ತಿರುವುಮುರುವು. ಬಿದಿರಿನ ದುಂಡು ಮೈ ಧ್ವನಿಯನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ಸ್ವಲ್ಪವಾದರೂ ನಮ್ಮ ಕಡೆಗೆ ಮರಳುತ್ತದೆ. ನಿಲ್ಲಿಸಿದ ಟೆಂಪೊದ ಚಪ್ಪಟೆ ತಗಡು ಮಾತ್ರ ಓರೆಯಾಗಿ ಎದುರಾದಾಗ ಮಾಯವಾಗಿಬಿಡುತ್ತಿತ್ತು. ಈ ಧ್ವನಿಯ ತರಂಗಾಂತರ ಸುಮಾರು 8.5 ಮಿಲಿಮೀಟರ್, ಅದಕ್ಕಿಂತ ತೀರ ಸಣ್ಣ ಉಬ್ಬುತಗ್ಗುಗಳಿರುವ ಮೇಲ್ಮೈ ಧ್ವನಿಗೆ ಕನ್ನಡಿಯಂತೆ, ಬಂದದ್ದನ್ನೆಲ್ಲ ಇನ್ನೊಂದು ದಿಕ್ಕಿಗೆ ತಿರುಗಿಸಿಬಿಡುತ್ತದೆ. ಕೋಲನ್ನು ಎಡಬಲಕ್ಕೆ ಬೀಸುವ ಬಳಕೆದಾರರ ಸಹಜ ಚಲನೆಯಿಂದಲೇ ಕೋನ ಬದಲಾಗಿ ಒಮ್ಮೆಯಾದರೂ ಪ್ರತಿಧ್ವನಿ ಸಿಗುತ್ತದೆ ಎಂಬುದನ್ನು ಕಂಡ ಮೇಲೆ, ಕೋಲನ್ನು ಸ್ಥಿರವಾಗಿ ಸ್ಟ್ಯಾಂಡಿಗೆ ಬಿಗಿದು ನಡೆಸಿದ ನಮ್ಮ ಹಳೆಯ ಪರೀಕ್ಷೆಗಳೆಲ್ಲ ವ್ಯರ್ಥವೆನಿಸಿದವು.

ನೈತಿಕ ಸಮಿತಿಯ ಒಪ್ಪಿಗೆ ಪಡೆಯುವಾಗ ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೃಷ್ಟಿಹೀನರಿಗಾಗಿ ಸಣ್ಣ ಅಕ್ಷರದ ನಾಲ್ಕು ಪುಟಗಳ ಸಮ್ಮತಿಪತ್ರ ಮುದ್ರಿಸಿದ್ದೆ! ಆಮೇಲೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಗಟ್ಟಿಯಾಗಿ ಓದಿ ಹೇಳಿ, ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರಿನಲ್ಲಿ ಹೆಬ್ಬೆರಳಿನ ಗುರುತನ್ನೋ ಸಹಿಯನ್ನೋ ಪಡೆಯುವ ಕ್ರಮಕ್ಕೆ ಬಂದೆವು.

ಎಚ್ಚರಿಕೆ ಬೀಪ್ ಸದ್ದಾಗಿರಬೇಕೆಂದು ತಂಡದ ಕೆಲವರು ಹಟ ಹಿಡಿದರು. ರಸ್ತೆ ದಾಟುವವರ ಕಿವಿ ವಾಹನಗಳಿಗಾಗಿ ಮೀಸಲು. ಅದನ್ನು ನಾವು ಕಬಳಿಸಬಾರದು. ಅಂಗೈಯ ಚರ್ಮದೊಳಗಿನ ಕಂಪನಗ್ರಾಹಕಗಳು 250 ಹರ್ಟ್ಸ್ ಆಸುಪಾಸಿನಲ್ಲಿ ಅತ್ಯಂತ ಸೂಕ್ಷ್ಮವಾಗಿರುತ್ತವೆ, ಮೊಬೈಲಿನ ಪುಟ್ಟ ಮೋಟಾರು ಅದಕ್ಕೆ ಸಾಕು. ನಿರಂತರ ಕಂಪನದಿಂದ ಕೈ ಜೋಮುಗಟ್ಟುವುದರಿಂದ ಬಿಟ್ಟು ಬಿಟ್ಟು ಕಂಪಿಸುವಂತೆ ಮಾಡಿದೆವು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕಾಗಿದೆ. ಕೆಲವು ಬಡ ದೇಶಗಳಲ್ಲಿ ಅದು ಸಿಗುವುದು ನೂರಕ್ಕೆ ಮೂವರಿಗೆ ಮಾತ್ರ. 2016ರಲ್ಲಿ ಅದೇ ಆರೋಗ್ಯ ಸಂಸ್ಥೆ ಪ್ರಕಟಿಸಿದ 50 ಆದ್ಯತೆಯ ಸಾಧನಗಳ ಪಟ್ಟಿಯಲ್ಲಿ ಸಾದಾ ಬಿಳಿಕೋಲು ಇದೆ. ಅದನ್ನು ನೋಡಿದ ಮೇಲೆ ಸೆನ್ಸರಿನ ಪೆಟ್ಟಿಗೆಯನ್ನು ಕಳಚಬಲ್ಲಂತೆ ಮಾಡಬೇಕೆಂದು ನಾನು ಪಟ್ಟು ಹಿಡಿದೆ: ಬ್ಯಾಟರಿ ಮುಗಿದರೂ, ದುರಸ್ತಿಗೆ ಕೊಟ್ಟರೂ, ಕೋಲು ಕೋಲಾಗಿಯೇ ಉಳಿಯಬೇಕು.

ಕಾಕಾ ಬೆಳಗಿನ ನಡಿಗೆಗೆ ಈಗಲೂ ಪೆಟ್ಟಿಗೆ ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಸಂಜೆ ಲಕ್ಷ್ಮೀ ರಸ್ತೆಗೆ ಹೋಗುವಾಗ ಮಾತ್ರ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಏಕೆಂದರೆ ಆ ಗದ್ದಲದಲ್ಲಿ ಪ್ರತಿಯೊಬ್ಬ ಮನುಷ್ಯನೂ ಅಡ್ಡಿಯೇ, ಹಿಡಿಕೆ ನಡುಗುವುದು ನಿಲ್ಲುವುದೇ ಇಲ್ಲ. ಪ್ರಬಂಧದ ಕೋಷ್ಟಕದಲ್ಲಿ 'ಸಂಜೆಯ ಮಾರುಕಟ್ಟೆ' ಎಂಬ ಸಾಲನ್ನು ಖಾಲಿ ಬಿಟ್ಟು, ಕೆಳಗೆ ಈ ಕಾರಣವನ್ನು ಬರೆದಿದ್ದೇನೆ.