ಶನೆಲ್ ಜಾಕೆಟ್ ಅಸಲಿಯೇ? ಒಳಮಗ್ಗುಲು ತಿರುಗಿಸಿ ನೋಡಿ

ಕಾಲರ್ ಇಲ್ಲದ ಕುತ್ತಿಗೆ, ಎದುರಿಗೆ ನಾಲ್ಕು ಜೇಬು, ಅಂಚಿಗೆ ಹೆಣೆದ ಪಟ್ಟಿ, ಹೊಳೆಯುವ ಗುಂಡಿ. ಇಷ್ಟನ್ನು ಯಾರು ಬೇಕಾದರೂ ನಕಲು ಮಾಡಬಹುದು, ದಶಕಗಳಿಂದ ಮಾಡುತ್ತಲೇ ಇದ್ದಾರೆ. ಹಾಗಾಗಿ ಪ್ಯಾರಿಸ್ಸಿನದೋ ಲಂಡನ್ನಿನದೋ ವಿಂಟೇಜ್ ಅಂಗಡಿಯಲ್ಲಿ ಫ್ರೆಂಚ್ ಫ್ಯಾಷನ್ ಸಂಸ್ಥೆ ಶನೆಲ್‌ನ ಹಳೆಯ ಜಾಕೆಟ್ ಕೈಗೆ ಬಂದರೆ ಮೊದಲು ಅದನ್ನು ಒಳಹೊರಗು ಮಾಡಿ. ಲೇಬಲ್ ಕೊನೆಗೆ ನೋಡಿದರಾಯಿತು. ಅದನ್ನು ಬಿಚ್ಚಿ ಇನ್ನೊಂದಕ್ಕೆ ಹೊಲಿಯಲು ಹತ್ತು ನಿಮಿಷ ಸಾಕು.

ಲೈನಿಂಗ್‌ನಿಂದ ಶುರುಮಾಡಿ. ಮಾಮೂಲಿ ಕೋಟಿನಲ್ಲಿ ಹೊರಬಟ್ಟೆಗೆ ಗಟ್ಟಿ ಕ್ಯಾನ್ವಾಸ್ ಆಸರೆ ಇರುತ್ತದೆ, ಲೈನಿಂಗ್ ಅದರ ಮೇಲೆ ಸಡಿಲವಾಗಿ ಕೂತಿರುತ್ತದೆ. ಇಲ್ಲಿ ರೇಷ್ಮೆ ಲೈನಿಂಗನ್ನು ನೇರವಾಗಿ ಹೊರಬಟ್ಟೆಯಾದ ಟ್ವೀಡಿಗೇ, ಅಂದರೆ ಒರಟು ಉಣ್ಣೆಬಟ್ಟೆಗೇ, ಸಾಲುಸಾಲಾಗಿ ಹೊಲಿದಿರುತ್ತಾರೆ, ಕೌದಿ ಹೊಲಿದ ಹಾಗೆ. ಆ ಸಾಲುಗಳು ಒಳಗೆ ಎದ್ದು ಕಾಣುತ್ತವೆ, ಹೊರಗೆ ಟ್ವೀಡಿನ ಎಳೆಗಳಲ್ಲಿ ಮುಳುಗಿಹೋಗುತ್ತವೆ. ಸಡಿಲ ನೇಯ್ಗೆಯ ಟ್ವೀಡು ಜೋತುಬೀಳದೆ, ಬಿರುಸೂ ಆಗದೆ, ಕಾರ್ಡಿಗನ್ನಿನಂತೆ ಮೈಗೆ ಹೊಂದುವುದು ಇದರಿಂದಲೇ. ಅಗ್ಗದ ನಕಲಿಗಳು ಸೋಲುವುದೂ ಇಲ್ಲೇ.

ಈಗ ಕೆಳ ಅಂಚನ್ನು ತಡವಿ. ಲೈನಿಂಗಿನ ಅಂಚಿನುದ್ದಕ್ಕೂ ತೆಳ್ಳನೆಯ ಲೋಹದ ಸರಪಳಿ ಸಿಗಬೇಕು. ಅದು ಅಲಂಕಾರಕ್ಕಲ್ಲ, ಹಗುರ ಜಾಕೆಟ್ ನೇರವಾಗಿ ಇಳಿಬೀಳಲು ಕೊಟ್ಟ ಭಾರ. ಎಲ್ಲ ಕಾಲದ ಎಲ್ಲ ಜಾಕೆಟ್‌ಗಳಲ್ಲೂ ಇರಲೇಬೇಕೆಂದಿಲ್ಲ. ಡ್ರೈಕ್ಲೀನಿಂಗ್‌ಗೆಂದು ಬಿಚ್ಚಿದವರು ಮತ್ತೆ ಹೊಲಿಯದೇ ಬಿಟ್ಟಿರಲೂಬಹುದು.

ಆಮೇಲೆ ತೊಟ್ಟು ಕೈ ಮೇಲೆತ್ತಿ. ಕಂಕುಳಿನ ಕತ್ತರಿಕೆ ಎತ್ತರದಲ್ಲಿರುವುದರಿಂದ ತೋಳು ಎದ್ದರೂ ಜಾಕೆಟ್ ಅಷ್ಟಾಗಿ ಮೇಲೇಳಬಾರದು. ಸಂಸ್ಥೆ ಕಟ್ಟಿದ ಗ್ಯಾಬ್ರಿಯೆಲ್ ಶನೆಲ್ ಹಟವೇ ಅದು. 1910ರಲ್ಲಿ ಪ್ಯಾರಿಸ್ಸಿನ ಕಾಂಬೋ ಬೀದಿಯಲ್ಲಿ ಟೋಪಿ ಅಂಗಡಿ ತೆರೆದ ಈಕೆ 1939ರಲ್ಲಿ ಯುದ್ಧ ಶುರುವಾದಾಗ ಉಡುಪಿನ ವಿಭಾಗ ಮುಚ್ಚಿದರು. 1947ರಲ್ಲಿ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಮತ್ತೆ ಹೆಂಗಸರ ಸೊಂಟ ಬಿಗಿದದ್ದು ಅವರಿಗೆ ಸೇರಲಿಲ್ಲ. 1954ರ ಫೆಬ್ರವರಿಯಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮರಳಿ ಬಂದರು. ಫ್ರೆಂಚ್ ಪತ್ರಿಕೆಗಳು ಮೂಗು ಮುರಿದವು, ಅಮೆರಿಕದವರು ಕೊಂಡರು.

ಜೇಬು, ಗುಂಡಿ ಬೇಗ ಮುಗಿಯುತ್ತವೆ. ಜೇಬಿಗೆ ಕೈ ಹೋಗಬೇಕು, ಗುಂಡಿ ಇದ್ದಲ್ಲಿ ಕಾಜಾ ಇರಬೇಕು. ಸುಮ್ಮನೆ ತೋರಿಕೆಗೆ ಗುಂಡಿ ಹೊಲಿಯುವುದು ಶನೆಲ್‌ಗೆ ಆಗುತ್ತಿರಲಿಲ್ಲ. ಗುಂಡಿಯ ಮೇಲೆ ಸಿಂಹದ ಮುಖ ಕಂಡರೆ, ಅದು ಆಗಸ್ಟ್ 19ರಂದು ಹುಟ್ಟಿದ ಒಡತಿಯ ರಾಶಿ.

ಕೊನೆಗೆ ಲೇಬಲ್. ಅಳತೆ ಕೊಟ್ಟು ಹೊಲಿಸಿದ ಓತ್ ಕುಟೂರ್ ಜಾಕೆಟ್‌ನಲ್ಲಿ ಸಂಖ್ಯೆ ಬರೆದ ಪಟ್ಟಿ ಇರುತ್ತದೆ. ಸಿದ್ಧ ಉಡುಪು ಶುರುವಾದದ್ದು 1978ರಲ್ಲಿ, ಅಂದರೆ ಶನೆಲ್ ತೀರಿಕೊಂಡು ಏಳು ವರ್ಷದ ಮೇಲೆ. ‘ಶನೆಲ್ ಬುಟೀಕ್’ ಎಂಬ ಲೇಬಲ್ ತೋರಿಸಿ ‘ಅರವತ್ತರ ದಶಕದ್ದು’ ಎನ್ನುವ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ. ಅದು ಬಹುಮಟ್ಟಿಗೆ 1983ರಲ್ಲಿ ಬಂದ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಕಾಲದ ಮಾಲು. ಭುಜದಲ್ಲಿ ದಪ್ಪ ಪ್ಯಾಡ್ ಇದ್ದರಂತೂ ಎಂಬತ್ತರ ದಶಕ ಎಂದು ಊಹಿಸಬಹುದು.

ಲೇಬಲ್ ಇಲ್ಲದ ಮಾತ್ರಕ್ಕೆ ನಕಲಿಯೆಂದೂ ಅಲ್ಲ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದಾಗ ಪತ್ನಿ ಜಾಕ್ವೆಲಿನ್ ಕೆನಡಿ ತೊಟ್ಟಿದ್ದ ಗುಲಾಬಿ ಸೂಟ್ ಹೊಲಿದದ್ದು ನ್ಯೂಯಾರ್ಕಿನ ಶೇ ನಿನೋ ಎಂಬ ಉಡುಪಿನ ಅಂಗಡಿ. ವಿನ್ಯಾಸ ಶನೆಲ್‌ದು, ಪ್ಯಾರಿಸ್ಸಿನ ಒಪ್ಪಿಗೆಯಿಂದಲೇ ಮಾಡಿದ್ದು. ಅಂಥ ಜಾಕೆಟ್ ಸಿಕ್ಕರೆ ಕೊಳ್ಳಿ, ಶನೆಲ್ ಬೆಲೆ ಮಾತ್ರ ಕೊಡಬೇಡಿ.

ಎಲ್ಲ ಸರಿಯಿದ್ದೂ ಕಂಕುಳಲ್ಲಿ ಬಿಗಿಯಾದರೆ ಬಿಟ್ಟುಬಿಡಿ. ಲೈನಿಂಗು ಟ್ವೀಡಿಗೇ ಕೂಡಿಕೊಂಡಿರುವುದರಿಂದ ಬಿಚ್ಚಿ ಸಡಿಲಿಸುವುದು ಪಳಗಿದ ಟೈಲರಿಗೂ ತಲೆನೋವು, ಅದರ ಮಜೂರಿಯೂ ದುಬಾರಿ.