ಬಳ್ಳಾರಿಯ ಮನೆಯಿಂದ ಲಂಡನ್‌ಗೆ ಎಷ್ಟು ತಾಸು? ಲೆಕ್ಕ ಹಾಕುವುದು ಹೀಗೆ

ಬೆಂಗಳೂರು ಬಿಡುವುದು ಬೆಳಿಗ್ಗೆ 7ಕ್ಕೆ, ಲಂಡನ್ ಸೇರುವುದು ಅದೇ ದಿನ 11.45ಕ್ಕೆ. ಮಗಳ ಮನೆಗೆಂದು ಮೊದಲ ಸಲ ಹೊರಟವರು ಟಿಕೆಟ್ಟಿನಲ್ಲಿ ಇಂಥ ವೇಳೆ ಕಂಡರೆ, ಐದು ತಾಸಿನೊಳಗೆ ಮುಟ್ಟಿಬಿಡುತ್ತೇವೆ ಎಂದುಕೊಳ್ಳುವುದು ಸಹಜ. ನಿಜವಾದ ಪ್ರಯಾಣ ಅದಕ್ಕಿಂತ ಬಹಳ ದೊಡ್ಡದು.

ಮೊದಲು ದೂರವನ್ನು ತಿಳಿಯಬೇಕು. ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಡಬೇಡಿ; ಉರುಟಾದ ಭೂಮಿಯನ್ನು ಚಪ್ಪಟೆ ಮಾಡಿದ ಚಿತ್ರದಲ್ಲಿ ದೂರಗಳು ಹಿಗ್ಗಿರುತ್ತವೆ. ಮಕ್ಕಳ ಗ್ಲೋಬ್ ತೆಗೆದುಕೊಂಡು, ಬೆಂಗಳೂರಿನ ಮೇಲೆ ದಾರದ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಲಂಡನ್‌ವರೆಗೆ ಬಿಗಿಯಾಗಿ ಎಳೆಯಿರಿ. ಗ್ಲೋಬಿನ ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 94 ಸೆಂ.ಮೀ.; ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ, ದಾರದ ಒಂದು ಸೆಂಟಿಮೀಟರ್ ಎಂದರೆ 425 ಕಿ.ಮೀ. ದಾರ ಸುಮಾರು 19 ಸೆಂ.ಮೀ. ಬರುತ್ತದೆ, ಅಂದರೆ 8,050 ಕಿ.ಮೀ. ಆಸುಪಾಸು.

ಆ ದಾರ ಹಾದುಹೋಗುವ ನಾಡುಗಳನ್ನೂ ಗಮನಿಸಿ: ಮುಂಬಯಿಯ ಬದಿ, ಕಛ್, ಪಾಕಿಸ್ತಾನ, ಇರಾನ್, ಕ್ಯಾಸ್ಪಿಯನ್ ಮತ್ತು ಕಪ್ಪು ಸಮುದ್ರ, ಉಕ್ರೇನ್. ಉಕ್ರೇನಿನ ಆಕಾಶ 2022ರ ಫೆಬ್ರುವರಿಯಲ್ಲಿ ಯುದ್ಧದಿಂದಾಗಿ ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಯಾನ ಸಂಸ್ಥೆಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಹೀಗಾದಾಗ ವಿಮಾನ ಸುತ್ತುಬಳಸಿ ಹೋಗುವುದರಿಂದ, ದಾರದ ದೂರವನ್ನು ಕನಿಷ್ಠ ದೂರವೆಂದೇ ತಿಳಿಯಬೇಕು.

ಇನ್ನು ಹಾರಾಟದ ಅವಧಿ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ.; ಭಾಗಿಸಿದರೆ ಒಂಬತ್ತು ತಾಸು. ಏರಲು, ಇಳಿಯಲು ಅರ್ಧ ತಾಸು ಸೇರಿಸಿ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುವುದರಿಂದ ಹೋಗುವಾಗ ಎದುರುಗಾಳಿ. ಹತ್ತು ತಾಸು ದಾಟುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗಿರುತ್ತದೆ.

ಟಿಕೆಟ್ಟಿನ ವೇಳೆಯನ್ನು ಈಗ ತಾಳೆ ನೋಡಬಹುದು. ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ತಾಸು ಹಿಂದಿರುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ಚಳಿಗಾಲವಾದರೆ, ನಮ್ಮ 7 ಗಂಟೆ ಲಂಡನ್‌ನಲ್ಲಿ ನಸುಕಿನ 1.30. ಅಲ್ಲಿಂದ 11.45ಕ್ಕೆ ಹತ್ತೂಕಾಲು ತಾಸು.

ದುಬೈಯಲ್ಲಿ ವಿಮಾನ ಬದಲಿಸುವವರಿಗೆ ಒಟ್ಟು ದೂರ ಸುಮಾರು 8,200 ಕಿ.ಮೀ. ಮಾತ್ರ. ಅಲ್ಲಿ ಹೊತ್ತು ಹೋಗುವುದು ಕಾಯುವುದರಲ್ಲಿ.

ಹಲವರು ತಪ್ಪುವುದು ಮನೆಯಿಂದ ನಿಲ್ದಾಣದವರೆಗಿನ ಲೆಕ್ಕದಲ್ಲಿ. ಅನಂತಪುರದ ಮೇಲೆ ಹೋದರೆ ಬೆಂಗಳೂರು ನಗರಕ್ಕೆ ಮೊದಲೇ ದೇವನಹಳ್ಳಿ ಸಿಗುತ್ತದೆ. ಬಳ್ಳಾರಿಯಿಂದ ಸುಮಾರು 270 ಕಿ.ಮೀ., ಕಾರಿನಲ್ಲಿ ಐದು ತಾಸು ಎಂದಿಟ್ಟುಕೊಳ್ಳಿ. ವಿಮಾನಕ್ಕೆ ಮೂರು ತಾಸು ಮುಂಚೆ ಅಲ್ಲಿರಬೇಕಾದ್ದರಿಂದ, ರಾತ್ರಿ 10.30ಕ್ಕೆ ಮನೆ ಬಿಟ್ಟರೆ ನೆಮ್ಮದಿ. ಲಂಡನ್‌ನಲ್ಲಿ ಇಳಿಯುವಾಗ ನಮ್ಮ ಗಡಿಯಾರದಲ್ಲಿ ಸಂಜೆ 5.15, ಒಟ್ಟು ಹದಿನೆಂಟೂಮುಕ್ಕಾಲು ತಾಸು. ರಾಯಚೂರಿನವರಿಗೆ ಹೈದರಾಬಾದಿನ ಶಂಶಾಬಾದ್ ನಿಲ್ದಾಣವೇ ಹತ್ತಿರ, ಅವರು ಮೊದಲು ಅಲ್ಲಿನ ವಿಮಾನಗಳನ್ನು ನೋಡಲಿ. ಟಿಕೆಟ್ಟಿನಲ್ಲಿ ಭಾನುವಾರ ಎಂದಿದ್ದರೆ ನೀವು ಹೊರಡಬೇಕಾದದ್ದು ಶನಿವಾರ ರಾತ್ರಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೇ ಗುರುತು ಹಾಕಿ.