ಎಲ್‌ಸ್ಯಾಟ್ ಲಾಜಿಕ್ ಗೇಮ್ಸ್: ರೂಲ್‌ಗಳನ್ನು ಒಂದೇ ಸರಪಳಿ ಮಾಡಿದ ಮೇಲೆ

ನಾನು ಎಲ್‌ಸ್ಯಾಟ್‌ಗೆ (ಅಮೆರಿಕದ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ) ಓದುವಾಗ ಲಾಜಿಕ್ ಗೇಮ್ಸ್ ಸೆಕ್ಷನ್ ಇನ್ನೂ ಇತ್ತು. ಕೊಟ್ಟ ರೂಲ್‌ಗಳ ಪ್ರಕಾರ ಯಾರು ಎಲ್ಲಿ, ಯಾರ ನಂತರ ಯಾರು ಅಂತ ಜೋಡಿಸುವ ಒಗಟುಗಳು ಅದರಲ್ಲಿರುತ್ತಿದ್ದವು. 35 ನಿಮಿಷ, 4 ಗೇಮ್. ಅಂದರೆ ಒಂದಕ್ಕೆ 9 ನಿಮಿಷವೂ ಸಿಗಲ್ಲ. 2024ರ ಆಗಸ್ಟ್‌ನಿಂದ ಆ ಸೆಕ್ಷನ್ ತೆಗೆದುಬಿಟ್ಟರು. ಆದರೂ ಯಾರ ನಂತರ ಯಾರು ಅನ್ನೋ ಥರದ ಪ್ರಶ್ನೆಗಳು ಬೇರೆ ಪರೀಕ್ಷೆಗಳಲ್ಲಿ ಬರುತ್ತಲೇ ಇವೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನು ಒಂದೊಂದು ರೂಲನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡು ಸೀದಾ ಪ್ರಶ್ನೆಗೆ ಕೈ ಹಾಕುತ್ತಿದ್ದೆ. ಪ್ರತಿ ಪ್ರಶ್ನೆಗೂ ಎಲ್ಲ ರೂಲ್ ಮತ್ತೆ ಓದಬೇಕು, ಐದು ಆಯ್ಕೆಯನ್ನೂ ಕೂರಿಸಿ ನೋಡಬೇಕು. ಮೂರನೇ ಗೇಮ್ ಅರ್ಧಕ್ಕೆ ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತಿತ್ತು.

ಒಂದು ಚಿಕ್ಕ ಲೆಕ್ಕ ನೋಡಿ. ಆರು ಜನ ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು: ಕ, ಗ, ಚ, ಜ, ಟ, ತ. ಕ ಆದ ಮೇಲೇ ಗ. ಗ ಆದ ಮೇಲೇ ಚ ಮತ್ತು ಜ. ಟ ಆದ ಮೇಲೇ ಜ. ಚ ಮುಗಿದ ತಕ್ಷಣ ತ. ಇದನ್ನೆಲ್ಲ ಒಂದೇ ಚಿತ್ರ ಮಾಡಿ: ಕ, ಅದರಿಂದ ಗೆರೆ ಗ-ಗೆ, ಗ-ಯಿಂದ ಎರಡು ಕವಲು. ಒಂದು ಕವಲಲ್ಲಿ ಚತ ಅಂತ ಒಂದೇ ಡಬ್ಬಿ, ಇನ್ನೊಂದರಲ್ಲಿ ಜ. ಕೆಳಗಿನಿಂದ ಟ ಬಂದು ಜ-ಗೆ ಸೇರುತ್ತದೆ.

ಈಗ ಪ್ರಶ್ನೆ ನೋಡುವ ಮೊದಲೇ ಎಷ್ಟೊಂದು ಗೊತ್ತಾಗುತ್ತದೆ! ಮೊದಲ ಜಾಗಕ್ಕೆ ಕ ಅಥವಾ ಟ ಮಾತ್ರ, ಕೊನೆಗೆ ತ ಅಥವಾ ಜ ಮಾತ್ರ. ಗ ಆದ ಮೇಲೆ ಮೂರು ಜನ (ಚ, ತ, ಜ) ಇರಲೇಬೇಕು, ಗ-ಗಿಂತ ಮೊದಲು ಕ ಇರಲೇಬೇಕು, ಹಾಗಾಗಿ ಗ ಎರಡನೆಯದು ಇಲ್ಲ ಮೂರನೆಯದು. ಗ ಎರಡನೆಯದಾದರೆ ಆರೂ ಜನರನ್ನು ಕೂರಿಸಲು ಮೂರು ಸಾಲು ಸಾಧ್ಯ, ಮೂರನೆಯದಾದರೆ ನಾಲ್ಕು. ಒಟ್ಟು 7, ಅಷ್ಟೇ.

ನಾನು ಜಾಸ್ತಿ ಎಡವಿದ್ದು ಟ ವಿಷಯದಲ್ಲಿ. ಚಿತ್ರದಲ್ಲಿ ಟ, ಗ-ಯ ಎಡಕ್ಕೆ ಕಂಡರೆ ಅದು ಗ-ಗಿಂತ ಮೊದಲು ಅಂತಲೇ ಮನಸ್ಸು ಓದಿಬಿಡುತ್ತದೆ. ಆದರೆ ಅವೆರಡರ ನಡುವೆ ಗೆರೆ ಇಲ್ಲ. ಗೆರೆ ಇಲ್ಲ ಅಂದರೆ ಸಂಬಂಧ ಇಲ್ಲ. ಕ, ಗ, ಚ, ತ, ಟ, ಜ ಕೂಡ ಸರಿಯಾದ ಸಾಲೇ, ಅಲ್ವಾ? ಇದು ತಲೆಗೆ ಹತ್ತಲು ನನಗೆ ವಾರಗಳೇ ಬೇಕಾದವು. ಆಮೇಲೆ ಪ್ರತಿ ಚಿತ್ರದಲ್ಲೂ ಗೆರೆಯ ಮೇಲೆ ಬೆರಳಿಟ್ಟು ಹೋಗುವ ಅಭ್ಯಾಸ ಮಾಡಿಕೊಂಡೆ.

ಇನ್ನೊಂದು. ‘ಕ, ಗ-ಗಿಂತ ಮೊದಲು ಬರಲ್ಲ’ ಅಂತ ಕೊಟ್ಟರೆ ಅದನ್ನು ‘ಗ, ಕ-ಗಿಂತ ಮೊದಲು’ ಅಂತ ತಿರುಗಿಸಿ ಬರೆದುಕೊಳ್ಳಿ. ಒಂದೇ ಜಾಗದಲ್ಲಿ ಇಬ್ಬರು ಇರೋ ಹಾಗಿಲ್ಲ ಅನ್ನುವುದನ್ನು ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ.

‘ಯಾವ ಸಾಲು ಸರಿ’ ಅನ್ನುವ ಮೊದಲ ಪ್ರಶ್ನೆಗೆ ಚಿತ್ರವೂ ಬೇಡ. ಒಂದು ರೂಲ್ ಹಿಡಿದು ಐದೂ ಆಯ್ಕೆ ನೋಡಿ, ತಪ್ಪಿದ್ದನ್ನು ಹೊಡೆದುಹಾಕಿ, ಮುಂದಿನ ರೂಲ್ ಹಿಡಿಯಿರಿ. ಉಳಿದ ಸಾಲನ್ನು ಅಳಿಸಬೇಡಿ. ಮುಂದೆ ‘ಜ ನಾಲ್ಕನೆಯದಾಗಬಹುದೇ’ ಅಂತ ಕೇಳಿದಾಗ, ಆ ಸಾಲಿನಲ್ಲಿ ಜ ನಾಲ್ಕನೇ ಜಾಗದಲ್ಲೇ ಕೂತಿದ್ದರೆ ಉತ್ತರ ಆಗಲೇ ಸಿಕ್ಕಿತು. ಪರೀಕ್ಷೆಯ ದಿನ ನನ್ನ ಕೊನೆಯ ಗೇಮ್‌ನಲ್ಲಿ ಎರಡು ಪ್ರಶ್ನೆ ಹೀಗೇ ಬಿಡಿಸಿದೆ, ಆಗ ಉಳಿದಿದ್ದು ಒಂದು ನಿಮಿಷಕ್ಕೂ ಕಡಿಮೆ.